ತಲೆಯಾಡಿಸಿದ ತಪ್ಪಿಗೆ

ರುಸೆ,
ಮಂಗಳವಾರ, ಮಾರ್ಚ್ ೧೦, ೨೦೦೯

ಪ್ರೀತಿಯ ಸ್ಟಾಮೆನ್,

ಪಕ್ಕೆ ನೋವು ಹೇಗಿದೆ? ಉಸಿರು ಎಳೆದುಕೊಂಡಾಗ ಚುಚ್ಚುತ್ತದೆಯೋ, ಬಿಟ್ಟಾಗಲೋ? ಅಲ್ಲಿನ ಡಾಕ್ಟರಿಗೆ ಅಂಗಿ ಎತ್ತಿ ತೋರಿಸು. ಬೂಟಿನ ಗುರುತು ಮಾಸುವ ಮೊದಲೇ ತೋರಿಸು. ಊಟ ಬಿಡಬೇಡ, ಅವರ ಮೇಲಿನ ಸಿಟ್ಟನ್ನು ನಿನ್ನ ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ. ನಾನು ಕಳಿಸಿದ ಲ್ಯುತೆನಿತ್ಸಾ ಬಾಟಲಿ ತಲುಪಿತಾ? ಗೇಟಿನವನು ನನ್ನ ಕಣ್ಣೆದುರೇ ಅದರೊಳಗೆ ಕಬ್ಬಿಣದ ಸರಳು ಹಾಕಿ ತಿರುವಿದ. ಕೆಂಪು ಮೆಣಸಿನ ಚಟ್ನಿಯೊಳಗೆ ಗರಗಸ ಇಟ್ಟಿದ್ದೇನೆ ಅಂದುಕೊಂಡನೇನೋ ಮುಠ್ಠಾಳ. ನಿನ್ನ ಅಮ್ಮ ಚೆನ್ನಾಗಿದ್ದಾರೆ. ಅಂದರೆ ಬೆಳಗಿನಿಂದ ಪೊಲೀಸರನ್ನು ಬಯ್ಯುತ್ತಾರೆ, ಅದು ಮುಗಿದ ಮೇಲೆ ನನ್ನನ್ನು. ಅವರ ತುಟಿ ಓದುವುದು ನನಗೆ ಅಭ್ಯಾಸವಾಗಿರುವುದರಿಂದ ಒಂದು ಬೈಗುಳವೂ ನಷ್ಟವಾಗುವುದಿಲ್ಲ. “ನನ್ನ ಮಗನ್ನ ಸೇತುವೆಗೆ ಎಳ್ಕೊಂಡು ಹೋದವಳು ನೀನು, ನೀನೇ ಬಿಡಿಸ್ಕೊಂಡು ಬಾರೇ” ಅನ್ನುತ್ತಾರೆ. ಅಂದ ಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಸಾರು ಸುರಿಯುತ್ತಾರೆ.

ಈ ಪತ್ರ ನಿನ್ನ ಹೊಸ ವಕೀಲೆ ಯಾನೆವಾ ಅವರ ಕೈಯಲ್ಲಿ ಬರುತ್ತಿದೆ. ಅವರು ನಿನ್ನೆಯಷ್ಟೇ ಸಿಕ್ಕರು. ಸರ್ಕಾರ ನಿನಗೆ ಕೊಟ್ಟಿದ್ದ ವಕೀಲ ಏನು ಮಾಡಿದ ಗೊತ್ತಾ? ನಿನಗೆ ಜೈಲಿನ ಫೋನಿಗೆ ಎರಡು ಸಲ ಕರೆ ಮಾಡಿದನಂತೆ, ನೀನು ಬಂದು ಮಾತಾಡಲಿಲ್ಲವಂತೆ, ಹಾಗಾಗಿ “ಆಸಾಮಿ ಸಹಕರಿಸುತ್ತಿಲ್ಲ” ಅಂತ ಬರೆದು ಕೈ ತೊಳೆದುಕೊಂಡ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗುಳು ಸಿಗಲಿಲ್ಲ, ಬಾಯಿ ಒಣಗಿತ್ತು.

ಶುಕ್ರವಾರದ ಭೇಟಿ ನೆನೆದರೆ ಈಗಲೂ ಮೈ ಉರಿಯುತ್ತದೆ. ದಪ್ಪ ಗಾಜಿನ ಆಚೆ ನೀನು, ಈಚೆ ನಾನು. ಅಕ್ಕಪಕ್ಕದ ಹೆಂಗಸರು ರಿಸೀವರ್ ಹಿಡಿದು, “ಏನೂ ಕೇಳಿಸ್ತಿಲ್ಲ ಕಣೋ, ಜೋರಾಗಿ ಹೇಳೋ” ಅಂತ ಒದ್ದಾಡುತ್ತಿದ್ದರು. ನಾನು ಒಳಗೊಳಗೇ ನಕ್ಕೆ. ಗಾಜು ನಮಗೆ ಯಾವ ಲೆಕ್ಕ? ನಾವಿಬ್ಬರು ಮೊದಲ ಸಲ ಮಾತಾಡಿದ್ದೇ ನಿಂತಿದ್ದ ಎರಡು ಬಸ್ಸುಗಳ ಕಿಟಕಿಗಳ ನಡುವೆ. ನೀನು ಕೈ ಎತ್ತಿ ಕೈಮಾತಿನಲ್ಲಿ ಪ್ರೋದನ್ ತಾತನ ಹೆಸರು ಮಾಡಿದೆ, ಆಮೇಲೆ “ಕೈ?” ಅಂತ ಕೇಳಿದೆ. ಅಷ್ಟೇ. ಹಿಂದಿದ್ದ ಕಾವಲಿನವನು ನಿನ್ನ ಮಣಿಕಟ್ಟು ಹಿಡಿದು ಮೇಜಿಗೆ ಅಪ್ಪಳಿಸಿದ. ನನ್ನ ಕಡೆ ನಿಂತವಳು ನನ್ನ ಮುಖಕ್ಕೆ ಮುಖ ತಂದು ಅರಚಿದಳು: “ಇಲ್ಲಿ ಗುಪ್ತ ಸಂಕೇತ ನಡೆಯೋದಿಲ್ಲ. ಎಲ್ಲರ ಹಾಗೆ ಫೋನಲ್ಲಿ ಮಾತಾಡು!” ರಿಸೀವರನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ಆಚೆ ಅವನು ನಿನ್ನ ಕಿವಿಗೆ ಒತ್ತಿದ. ನೀನು ಹುಟ್ಟು ಕಿವುಡ. ನಾನು ಏಳನೇ ವರ್ಷಕ್ಕೆ ಮೆದುಳು ಜ್ವರಕ್ಕೆ ಕಿವಿ ಕೊಟ್ಟವಳು. ಇಬ್ಬರೂ ಎರಡು ಕಪ್ಪು ಪ್ಲಾಸ್ಟಿಕ್ ತುಂಡು ಕಿವಿಗಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಕೂತೆವು, ಭೇಟಿಯ ಹೊತ್ತು ಮುಗಿಯುವವರೆಗೆ. ಎಲ್ಲರಿಗೂ ಒಂದೇ ನಿಯಮ ಅಂತ ಗೋಡೆಯ ಮೇಲೆ ಬರೆದಿತ್ತು.

ನೀನು ಕೇಳಿದ್ದಕ್ಕೆ ಈಗ ಉತ್ತರ ಕೊಡುತ್ತೇನೆ. ಪ್ರೋದನ್ ತಾತನ ಬಲಗೈಯ ಮೂರು ಬೆರಳು ಹೋದವು. ಮೂಳೆ ಪುಡಿಯಾಗಿದೆ, ತಂತಿ ಹಾಕಿ ಕಟ್ಟಿದ್ದಾರೆ, ಮಡಚಲು ಬರುವುದಿಲ್ಲ. ಡಾಕ್ಟರು ಅವನ ಮಗಳಿಗೆ ಹೇಳಿದ್ದನ್ನು ನಾನು ಮಂಚದ ಈಚೆಯಿಂದ ಓದಿದೆ: “ವಯಸ್ಸಾಯ್ತಲ್ಲ, ಇನ್ನೇನು ಕೆಲಸಕ್ಕೆ ಹೋಗಬೇಕಾ? ಲೋಟ ಹಿಡಿಯೋಕೆ ಹೆಬ್ಬೆರಳು ಸಾಕು.” ಆ ಮನುಷ್ಯ ನೀಚನೇನಲ್ಲ. ಆದರೆ ಅವನ ಕಣ್ಣಿಗೆ ಅದು ಬರೀ ಕೈ. ಒಬ್ಬ ಮುದುಕನ ನಾಲಿಗೆಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ ತಂದಿದ್ದರೆ ಲೋಟದ ಮಾತಾಡುತ್ತಿದ್ದನಾ? ನಮ್ಮ ಕಿವುಡರ ಸಂಘದಲ್ಲಿ ಕಥೆ ಹೇಳುವುದಕ್ಕೆ ಪ್ರೋದನ್ ತಾತನನ್ನು ಬಿಟ್ಟರೆ ಯಾರಿದ್ದರು ಹೇಳು. ಕರಡಿ ಅಂದರೆ ಕರಡಿ ಬರುತ್ತಿತ್ತು, ಡ್ಯಾನ್ಯೂಬ್ ಅಂದರೆ ನಮ್ಮ ಕಾಲು ಒದ್ದೆಯಾಗುತ್ತಿತ್ತು. ಈಗ ಎಡಗೈಯಲ್ಲಿ ತೊದಲುತ್ತಾನೆ. ನೋಡಲು ಹೋದಾಗ ನಾನು ಅತ್ತೆ. ಅವನೇ ರೇಗಿಸಿದ: “ಯಾಕೇ ಅಳ್ತೀಯ? ನನ್ನ ಅರ್ಧ ಹರಟೆಗೇ ನಿಮಗೆಲ್ಲ ಸಾಕಾಗಿತ್ತು. ಉಳಿದರ್ಧ ಪೊಲೀಸರಿಗೆ ದಾನ ಮಾಡಿದೆ.” ಇಷ್ಟು ಹೇಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ನಾನು ಬರೆಯುವುದಿಲ್ಲ.

ಎಲ್ಲವನ್ನೂ ಮೊದಲಿಂದ ಬರೆ ಅಂದಿದ್ದಾರೆ ಯಾನೆವಾ. ನೀನು ಕಂಡದ್ದೂ ನಾನು ಕಂಡದ್ದೂ ಒಂದಕ್ಕೊಂದು ಕೂಡಬೇಕಂತೆ. ಹಾಗಾದರೆ ಮಿಲ್ಕಾಳಿಂದಲೇ ಶುರುಮಾಡಬೇಕು, ಆ ದಿನ ನಾವು ಸೇತುವೆಗೆ ಹೋಗಿದ್ದು ಅವಳಿಗಾಗಿ. ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಬಸುರಿ ಹೆಂಗಸು, ಅಡುಗೆಮನೆಯಲ್ಲಿ ರಕ್ತ ಹರಿಯಲು ಶುರುವಾಯಿತು. ಗಂಡ ಆಸೆನ್, ಅವನೂ ನಮ್ಮ ಹಾಗೆ ಕಿವುಡ, ತುರ್ತು ಸಂಖ್ಯೆಗೆ ಸಂದೇಶ ಕಳಿಸಿದ. ಆ ಸಂಖ್ಯೆ ದನಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ, ಅಕ್ಷರವನ್ನು ತೆಗೆದುಕೊಳ್ಳುವುದಿಲ್ಲ. ಕರೆ ಮಾಡಿ ಗಂಟಲಿನಿಂದ ಬಂದ ಸದ್ದನ್ನೆಲ್ಲ ಫೋನಿಗೆ ಹಾಕಿದ, ಕುಡುಕ ಅಂತ ಫೋನಿಟ್ಟರು. ಮಹಡಿ ಮಹಡಿ ಓಡಿ ಬಾಗಿಲು ಬಡಿದ. ಬಾಗಿಲ ತೂತಿನಲ್ಲಿ ಕಣ್ಣಿಟ್ಟು ನೋಡಿದವರಿಗೆ ಕಂಡಿದ್ದು ರಕ್ತದ ಕೈ ಬೀಸುತ್ತಿರುವ ಹುಚ್ಚ. ಒಂದು ಬಾಗಿಲೂ ತೆರೆಯಲಿಲ್ಲ. ಹೊತ್ತುಕೊಂಡು ಇಳಿಯುವಾಗ ಮೆಟ್ಟಿಲ ಮೇಲೇ ಮಿಲ್ಕಾ ಹೋದಳು, ಮಗುವೂ ಹೋಯಿತು. ನಾವು ನಗರಸಭೆಗೆ ಹೋದೆವು. ಸಂದೇಶ ತೆಗೆದುಕೊಳ್ಳುವ ತುರ್ತು ಸಂಖ್ಯೆ, ಆಸ್ಪತ್ರೆಗೊಬ್ಬ ಕೈಮಾತಿನ ದುಭಾಷಿ, ಇಷ್ಟೇ ಕೇಳಿದ್ದು. ಮೇಯರ್ ಕಿವುಡರ ದಿನಕ್ಕೆ ಬಂದು ಹೂವು ಕೊಟ್ಟ, ಚಾಕಲೇಟು ಕೊಟ್ಟ, “ನಿಮ್ಮ ಮೌನ ನಮಗೆ ಪಾಠ” ಅಂದ. ನಮ್ಮ ಮೌನವಂತೆ! ಆಸೆನ್ ಆ ದಿನ ಅವನೆದುರು ನಿಂತು ಕೈಯಲ್ಲಿ ಕಿರುಚಿದ್ದನ್ನು ಆ ಮನುಷ್ಯ ನಗುತ್ತಾ ನೋಡಿದ, ಆಮೇಲೆ ಚಪ್ಪಾಳೆ ತಟ್ಟಿದ. ನೃತ್ಯ ಅಂದುಕೊಂಡಿದ್ದ.

ಅದಕ್ಕೇ ಡ್ಯಾನ್ಯೂಬ್ ನದಿಯ ಸೇತುವೆಯ ದಾರಿಗೆ ಅಡ್ಡ ಕೂತೆವು. ರೊಮೇನಿಯಾಗೆ ಹೋಗುವ ಲಾರಿಗಳೆಲ್ಲ ನಿಂತವು, ಸಾಲು ಊರೊಳಗೆ ಬಂತು. ನಿನಗೆ ನೆನಪಿದೆಯಾ, ಹಾರ್ನು ಬಾರಿಸಿದರು ನೋಡು! ನೂರು ಲಾರಿ ಒಟ್ಟಿಗೆ. ನನ್ನ ಎದೆಗೂಡಿಗೆ ಕಚಗುಳಿ ಇಟ್ಟ ಹಾಗಿತ್ತು, ಅಷ್ಟೇ. ಟಿವಿಯ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಓಡಿದಳು. ಮೀಸೆಯ ಲಾರಿಯವನೊಬ್ಬ ಕೆಳಗಿಳಿದು ಪ್ರೋದನ್ ತಾತನ ಮುಂದೆ ಕುಣಿದ. ಏನಂದ ಅಂತ ತಾತ ನನ್ನನ್ನು ಕೇಳಿದ. “ಮೀಸೆಯೊಳಗೆ ಮಾತೆಲ್ಲ ಸಿಕ್ಕಿಹಾಕಿಕೊಂಡಿದೆ, ಓದೋಕಾಗ್ತಿಲ್ಲ” ಅಂದೆ. “ಬಾಚಣಿಗೆ ಕೊಡು ಅವನಿಗೆ” ಅಂದ ತಾತ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಒಬ್ಬರ ಕೈ ಒಬ್ಬರಿಗೆ ಕಾಣಲಿ ಅಂತ ದುಂಡಗೆ ಕೂತಿದ್ದೆವು. ಅಂದರೆ ಹೊರಗಿನವರಿಗೆ ನಮ್ಮ ಬೆನ್ನು. ಆ ಬೆನ್ನಿಗೆ ಅವರು ಮೆಗಾಫೋನಿನಲ್ಲಿ ಎಚ್ಚರಿಕೆ ಕೊಟ್ಟರಂತೆ, ಕಾನೂನು ಪ್ರಕಾರ ಮೂರು ಸಲ. ಮರುದಿನ ಪತ್ರಿಕೆಯಲ್ಲಿ ತಲೆಬರಹ ಹೀಗಿತ್ತು: “ಪೊಲೀಸರ ಮಾತಿಗೆ ಕಿವಿಗೊಡದ ಪ್ರತಿಭಟನಾಕಾರರು.” ಬರೆದವನಿಗೆ ತಾನು ಏನು ಬರೆದೆ ಅನ್ನುವುದು ಇನ್ನೂ ಹೊಳೆದಿರಲಿಕ್ಕಿಲ್ಲ.

ಮೊದಲ ಏಟು ಬಿದ್ದಾಗ ನಾನಿನ್ನೂ ನಗುತ್ತಿದ್ದೆ. ನನ್ನೆದುರು ಕೂತಿದ್ದವಳ ಮುಖ ಬದಲಾಯಿತು, ಅವಳ ಕಣ್ಣು ನನ್ನ ತಲೆಯ ಮೇಲಕ್ಕೆ ಹೋಯಿತು, ಆಮೇಲೆ ನೆಲ ನನ್ನ ಹಲ್ಲಿಗೆ ಬಡಿಯಿತು. ಹಿಂದಿನಿಂದ ಬಂದರು. ಕಿವುಡರ ಮೇಲೆ ಹಿಂದಿನಿಂದ ಬರುವುದು ಅಂದರೆ ಕುರುಡನ ದಾರಿಯಲ್ಲಿ ಗುಂಡಿ ತೋಡಿದ ಹಾಗೆ. ಬೆನ್ನು, ಕುತ್ತಿಗೆ, ಮೊಣಕಾಲು, ಸಿಕ್ಕಿದ್ದಕ್ಕೆ ಬಾರಿಸಿದರು. ಪ್ರೋದನ್ ತಾತ ಎರಡೂ ಕೈ ಎತ್ತಿ “ನಿಲ್ಲಿ, ಮಾತಾಡೋಣ” ಅಂದ. ಎತ್ತಿದ ಕೈಗೆ ಲಾಠಿ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಅವನು “ಮಾತಾಡೋಣ” ಅಂದಷ್ಟು ಸಲವೂ ಹೊಡೆದರು. ನೀನು ಎದ್ದು ಓಡಿ ನಡುವೆ ಹೋದೆ. ನಿನ್ನನ್ನು ಕೆಡವಿ ಬೆನ್ನ ಮೇಲೆ ಮೊಣಕಾಲೂರಿ ಕೈಗಳನ್ನು ಹಿಂದಕ್ಕೆ ತಿರುಚಿ ಕೋಳ ಹಾಕಿದರು. ವರ್ಷವೆಲ್ಲ ಚೆನ್ನಾಗಿರಲಿ ಅಂತ ಮಾರ್ಚ್ ಒಂದಕ್ಕೆ ನಾನು ನಿನ್ನ ಮಣಿಕಟ್ಟಿಗೆ ಕಟ್ಟಿದ್ದ ಕೆಂಪು-ಬಿಳಿ ದಾರ ಕಬ್ಬಿಣಕ್ಕೆ ಸಿಕ್ಕಿ ಹರಿಯಿತು. ಬೆನ್ನ ಹಿಂದೆ ಕೈಕೋಳ ಹಾಕುವುದು ಅಂದರೆ ನಮಗೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಬಾಯಿ ಕಟ್ಟಿದ ಮೇಲೆ ಪಕ್ಕೆಗೆ ಒದ್ದರು. ಆಗ, ಸ್ಟಾಮೆನ್, ಇದನ್ನು ಚೆನ್ನಾಗಿ ಓದು, ನೀನು ಮುಖ ಕೆಳಗಾಗಿ ಬಿದ್ದಿದ್ದಾಗ, ಪೊಲೀಸನೊಬ್ಬ ಆಸೆನ್‌ಗೆ ಹೊಡೆಯಲು ಗುರಾಣಿಯನ್ನು ಹಿಂದಕ್ಕೆ ಬೀಸಿದ. ಅದರ ಅಂಚು ಹಿಂದೆ ನಿಂತಿದ್ದ ಅವರದೇ ಎಳೆ ಪೊಲೀಸನ ಮೂಗಿಗೇ ಬಡಿಯಿತು. ಮೂಗು ಮುರಿದು ರಕ್ತ ಕೋಡಿ ಹರಿದು ನಿನ್ನ ಜಾಕೆಟ್ಟಿನ ಮೇಲೆ ಬಿತ್ತು. ನಾನು ಕಂಡಿದ್ದೇನೆ. ಆ ಮೂಗನ್ನು ನೀನು ಮುರಿದೆ ಅಂತ ಕೇಸು. ಜಾಕೆಟ್ಟಿನ ರಕ್ತ ಸಾಕ್ಷಿ. ಇನ್ನೊಂದು ಸಾಕ್ಷಿ ನಿನ್ನ ತಪ್ಪೊಪ್ಪಿಗೆ.

ಹೌದು, ತಪ್ಪೊಪ್ಪಿಗೆ! ನೀನು ಒಪ್ಪಿಕೊಂಡಿದ್ದೀಯಂತೆ. ನನಗೂ ಮೊದಲು ತಲೆಬುಡ ತಿಳಿಯಲಿಲ್ಲ, ಭಯಕ್ಕೆ ಒಪ್ಪಿಕೊಂಡನೇನೋ ಅಂತ ಒಂದು ಗಳಿಗೆ ಅನ್ನಿಸಿತು. ಶನಿವಾರ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ನಿನ್ನನ್ನು ವಿಚಾರಿಸಿದ ಇನ್‌ಸ್ಪೆಕ್ಟರ್, ಆ ಉಬ್ಬಿದ ಕೆನ್ನೆಯವನು, ನಾವೆಲ್ಲ ಅವನಿಗೆ ‘ಕುಂಬಳಕಾಯಿ’ ಅಂತ ಕೈಹೆಸರಿಟ್ಟಿದ್ದೇವೆ, ಗಾಜಿನ ಕೌಂಟರಿನ ಒಳಗೆ ನಿಂತು ಜೊತೆಯವನಿಗೆ ಕಥೆ ಹೇಳುತ್ತಿದ್ದ. ಗಡ್ಡ ಮೀಸೆ ಇಲ್ಲದ ಮುಖ, ಒಂದೊಂದು ಅಕ್ಷರವೂ ಕಾಣುತ್ತಿತ್ತು. “ನೀನೇ ಹೊಡೆದೆಯಾ ಅಂತ ಅವನ ಮುಖಕ್ಕೆ ಮುಖ ಕೊಟ್ಟು ಬಿಡಿಸಿ ಬಿಡಿಸಿ ಕೇಳ್ದೆ. ಆ ಮೂಗ ಹೀಗಂದ” ಅಂತ ಕಣ್ಣು ಅಗಲ ಮಾಡಿ ತಲೆಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಿದ. ಥೇಟ್ ನಿನ್ನ ಹಾಗೆ. “ಇಷ್ಟು ಉತ್ಸಾಹದಿಂದ ಒಪ್ಕೊಂಡವನನ್ನ ನನ್ನ ಸರ್ವಿಸಿನಲ್ಲೇ ನೋಡಿಲ್ಲ ಮಾರಾಯ” ಅಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗಲೇ ನನಗೆ ಎಲ್ಲ ಹೊಳೆದದ್ದು. ನಮ್ಮ ಬಲ್ಗೇರಿಯಾದಲ್ಲಿ ತಲೆ ಆಚೀಚೆ ಆಡಿದರೆ ಹೌದು, ಮೇಲೆ ಕೆಳಗೆ ಆಡಿದರೆ ಇಲ್ಲ. ಲೋಕವೆಲ್ಲ ಒಂದು ದಾರಿಯಾದರೆ ನಮ್ಮ ತಲೆ ಇನ್ನೊಂದು ದಾರಿ. ನೀನೋ ಎಂಟು ವರ್ಷ ಜರ್ಮನಿಯ ಬಡಗಿಖಾನೆಯಲ್ಲಿ, ಜರ್ಮನ್ ಕಿವುಡರ ನಡುವೆ ಮರ ಉಜ್ಜಿ, ಅವರ ತಲೆಯನ್ನು ಹೊತ್ತುಕೊಂಡು ಬಂದವನು. ಬಂದ ಹೊಸದರಲ್ಲಿ ನಿನ್ನ ಅಮ್ಮ “ಇನ್ನಷ್ಟು ಸಾರು ಹಾಕ್ಲಾ?” ಅಂದರೆ ಆಸೆಯಿಂದ ಮೇಲೆ ಕೆಳಗೆ ಆಡಿಸುತ್ತಿದ್ದೆ, ಅವರು ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. “ನನ್ನ ಮಗನ ತಲೆಯನ್ನ ಜರ್ಮನಿಯವರು ತಿರುಗಿಸಿ ಜೋಡಿಸಿ ಕಳಿಸಿದ್ದಾರೆ” ಅಂತ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಠಾಣೆಯಲ್ಲಿ ನಿನ್ನ ಕೈ ಬೆನ್ನ ಹಿಂದಿತ್ತು. ಪೆನ್ನು ಕೊಡಲಿಲ್ಲ, ಪೆನ್ನು ಆಯುಧವಾದೀತಂತೆ. ಉಳಿದದ್ದು ತಲೆ. ಪ್ರಾಣ ಹೋಗುವ ಹಾಗೆ “ಇಲ್ಲ, ಇಲ್ಲ, ಇಲ್ಲ” ಅಂದಿದ್ದೀಯ. ಅವರು “ಹೌದು, ಹೌದು, ಹೌದು” ಅಂತ ಬರೆದುಕೊಂಡಿದ್ದಾರೆ.

ಗುರುವಾರ ನಿನ್ನನ್ನು ಕೋರ್ಟಿಗೆ ತರುತ್ತಾರೆ. ಅಲ್ಲಿ ಆ ತಪ್ಪೊಪ್ಪಿಗೆ ನಿನ್ನದೇ ಅಂತ ಖಚಿತವಾದರೆ ನಿನಗೆ ಶಿಕ್ಷೆ. ನಿನ್ನ ವಿರುದ್ಧ ವಾದಿಸುವ ಸರ್ಕಾರಿ ವಕೀಲ ಒಂದು ದಾರಿ ತೋರಿಸಿದ್ದಾನೆ: ತಕರಾರಿಲ್ಲದೆ ಒಪ್ಪಿಕೊಂಡರೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅವತ್ತೇ ಮನೆಗೆ ಬಿಡಿಸುತ್ತಾನಂತೆ. ಒಪ್ಪದಿದ್ದರೆ ಇನ್ನೂ ತಿಂಗಳುಗಟ್ಟಲೆ ಒಳಗೇ. ನಿನ್ನ ಅಮ್ಮನಿಗೆ ಈ ಮಾತು ರುಚಿಸಿತು. “ಮೂಗು ಅವನೇ ಮುರಿದ ಅಂತ ಬರ್ಕೊಳ್ಳಲಿ ಬಿಡೇ, ಹುಡುಗ ಮನೆಗೆ ಬಂದರೆ ಸಾಕು” ಅಂದರು. ನಾನು ಜಗಳವಾಡಿದೆ. ಈ ಸುಳ್ಳಿಗೆ ನೀನು ಹೂಂ ಅಂದರೆ ಪ್ರೋದನ್ ತಾತನ ಬೆರಳು ಮುರಿದದ್ದು ನ್ಯಾಯವಾಗುತ್ತದೆ, ಗೂಂಡಾಗಳನ್ನು ಚದುರಿಸಿದೆವು ಅನ್ನುತ್ತಾರೆ. ಮಿಲ್ಕಾ ಕುಡುಕನ ಹೆಂಡತಿಯಾಗಿಯೇ ಮಣ್ಣಾಗುತ್ತಾಳೆ. ನಿನ್ನೆ ಯಾನೆವಾ ನ್ಯಾಯಾಧೀಶರ ಕೋಣೆಗೆ ಹೋಗಿ ದುಭಾಷಿ ಬೇಕು ಅಂತ ಕೇಳಿದರು. ಕೋರ್ಟಿನ ಪಟ್ಟಿಯಲ್ಲಿ ಈ ಜಿಲ್ಲೆಗೆ ಕೈಮಾತಿನ ದುಭಾಷಿಯೇ ಇಲ್ಲವಂತೆ. “ಪ್ರಶ್ನೆಯನ್ನ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸೋಣ. ಹೌದು-ಇಲ್ಲ ಅನ್ನೋದಕ್ಕೆ ದುಭಾಷಿ ಯಾಕಮ್ಮ, ಅವನಿಗೆ ತಲೆ ಇದೆಯಲ್ಲ” ಅಂದರಂತೆ ನ್ಯಾಯಾಧೀಶರು. ಜರ್ಮನಿಯ ತಲೆಯ ಕಥೆ ಹೇಳಿದ್ದಕ್ಕೆ ನಕ್ಕು, “ಒಳ್ಳೇ ನೆಪ” ಅಂದರಂತೆ.

ಹೌದು-ಇಲ್ಲ! ಈ ದೇಶ ನಮಗೆ ಕೊಟ್ಟಿರುವುದು ಈ ಎರಡೇ ಪದ. ಆಸ್ಪತ್ರೆಯಲ್ಲಿ ನೋವಿದೆಯಾ, ಹೌದು-ಇಲ್ಲ. ಎಲ್ಲಿ, ಎಷ್ಟು ದಿನದಿಂದ, ಏನು ಮಾಡಿದರೆ ಹೆಚ್ಚುತ್ತದೆ, ಇದನ್ನು ಯಾರೂ ಕೇಳುವುದಿಲ್ಲ, ಉತ್ತರ ಉದ್ದವಾಗುತ್ತದೆ. ಕೆಲಸಕ್ಕೆ ಹೋದಲ್ಲಿ ಹೌದು-ಇಲ್ಲ. ಮದುವೆಯ ದಿನ ಪಾದ್ರಿಯೂ ಅಷ್ಟೇ ಕೇಳಿದ್ದು. ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದರಲ್ಲಿ ಎಷ್ಟು ಇರುತ್ತದೆ, ‘ಆದರೆ’ ಇರುತ್ತದೆ, ‘ಹಾಗಲ್ಲ ಕಣೋ’ ಇರುತ್ತದೆ, ಚಾಡಿ ಇರುತ್ತದೆ, ಕಾನೂನು ಇರುತ್ತದೆ. ಅವರ ಕೈಗೆ ಸಿಕ್ಕ ಕೂಡಲೇ ನಾವು ತಲೆಯಾಡಿಸುವ ಗೊಂಬೆಗಳು. ನನಗೆ ಅವರ ಕರುಣೆ ಬೇಡ, ಅವರ ಹೂವು ಬೇಡ. ನನ್ನ ಗಂಡ ಪೂರ್ತಿ ವಾಕ್ಯದಲ್ಲಿ ಮಾತಾಡಬೇಕು, ಅದನ್ನು ಅವರು ಪೂರ್ತಿ ಕೇಳಿಸಿಕೊಳ್ಳಬೇಕು. ಆಮೇಲೆ ಬೇಕಾದರೆ ಜೈಲಿಗೆ ಹಾಕಲಿ.

ಇದನ್ನು ಬರೆಯುವುದು ನನಗೆ ಸುಲಭ, ಒಳಗೆ ಇರುವವನು ನೀನು. ಅದು ಗೊತ್ತಿದೆ. ನಿನ್ನ ಹಾಸಿಗೆಯ ಮಗ್ಗುಲು ತಣ್ಣಗಿದೆ, ಮೊನ್ನೆ ನಿನ್ನ ಕೆಲಸದ ಅಂಗಿಯಲ್ಲಿದ್ದ ಮರದ ಪುಡಿಯನ್ನು ಕೊಡವದೆ ಹಾಗೇ ಮಡಚಿಟ್ಟೆ. ಆದರೂ ಬರೆಯುತ್ತಿದ್ದೇನೆ. ಆಸೆನ್ ನಿನಗೆ ನಮಸ್ಕಾರ ಹೇಳಿದ್ದಾನೆ, ಅವನ ತಲೆಗೆ ಹಾಕಿದ ಹೊಲಿಗೆ ಬಿಚ್ಚಿದ್ದಾರೆ. ಪ್ರೋದನ್ ತಾತ ಎಡಗೈಯಲ್ಲಿ ನಿನ್ನ ಹೆಸರು ಮಾಡಿ ಆಶೀರ್ವಾದ ಕಳಿಸಿದ್ದಾನೆ. ಹೆಸರು ಸ್ವಲ್ಪ ಸೊಟ್ಟಗಿತ್ತು, ಆಶೀರ್ವಾದ ನೆಟ್ಟಗಿತ್ತು. ಮೈ ಬೆಚ್ಚಗಿಟ್ಟುಕೋ.

ನಿನ್ನ,
ಕಲಿನಾ

ತಾ.ಕ.: ಯಾನೆವಾ ಬಾಗಿಲಲ್ಲಿ ಬೂಟು ಹಾಕಿಕೊಂಡು ಕಾಯುತ್ತಿದ್ದಾರೆ, ಮುಖ್ಯ ಮಾತು ಈಗ ಬರೆಯುತ್ತೇನೆ. ಗುರುವಾರ ನಿನ್ನ ಕೈಯನ್ನು ಸೊಂಟದ ಸರಪಳಿಗೆ ಕಟ್ಟಿ ತರುತ್ತಾರೆ. ಏನೇ ಆದರೂ ತಲೆ ಆಡಿಸಬೇಡ. ಬಲ್ಗೇರಿಯಾದ ತಲೆ ಆಡಿಸು ಅನ್ನೋಣ ಅಂದುಕೊಂಡೆ, ಹೆದರಿದಾಗ ನಿನ್ನ ತಲೆ ಯಾವ ದೇಶಕ್ಕೆ ಓಡುತ್ತದೋ ಯಾರು ಬಲ್ಲರು. ಸರಿಯಾಗಿ ಆಡಿಸಿದರೂ ತಲೆಯೇ ಸಾಕಾಯಿತಲ್ಲ ಅನ್ನುತ್ತಾರೆ. ಹಾಗಾಗಿ ಪ್ರಶ್ನೆಯ ಹಾಳೆ ಎತ್ತಿದ ಕೂಡಲೇ ಕಣ್ಣು ಮುಚ್ಚು. ಮನೆಯಲ್ಲಿ ನನ್ನ ಜೊತೆ ಜಗಳ ಸೋಲುವಾಗ ಮುಚ್ಚುತ್ತೀಯಲ್ಲ, ನನ್ನ ರಕ್ತ ಕುದಿಯುವ ಹಾಗೆ ಮಾಡುತ್ತೀಯಲ್ಲ, ಹಾಗೆಯೇ. ಕಣ್ಣು ಮುಚ್ಚಿದ ಕಿವುಡನನ್ನು ಯಾವ ನ್ಯಾಯಾಧೀಶನೂ ಏನೂ ಕೇಳಲಾರ. ಭುಜ ಅಲುಗಿಸುತ್ತಾರೆ, ಕೆನ್ನೆಗೆ ತಟ್ಟುತ್ತಾರೆ, ತೆರೆಯಬೇಡ. ವಾರ್ನಾದಿಂದ ದುಭಾಷಿ ಎಲೆನ್ಕಾ ಬಂದು ಕೋರ್ಟಿನ ಬಾಗಿಲಲ್ಲೇ ನಿಂತಿರುತ್ತಾಳೆ, ಒಳಗೆ ಕರೆಯುವುದೊಂದೇ ಅವರ ಕೆಲಸ. ನಾವೆಲ್ಲ ಹಿಂದಿನ ಬೆಂಚುಗಳಲ್ಲಿ ಇರುತ್ತೇವೆ. ಅಲ್ಲಿ ನೆಲ ಮರದ್ದು, ನಾನು ಇವತ್ತು ಹೋಗಿ ಒದ್ದು ನೋಡಿಕೊಂಡು ಬಂದೆ. ಎಲೆನ್ಕಾ ನಿನ್ನ ಮುಂದೆ ಬಂದು ನಿಂತು, ನಿನ್ನ ಕೈ ಬಿಚ್ಚಿದ ಮೇಲೆ, ಎಲ್ಲರೂ ಒಟ್ಟಿಗೆ ನೆಲಕ್ಕೆ ಕಾಲು ಅಪ್ಪಳಿಸುತ್ತೇವೆ. ನಿನ್ನ ಅಂಗಾಲಿಗೆ ಬರುತ್ತದೆ. ಆಗ ಮಾತ್ರ ಕಣ್ಣು ತೆರೆ. ಇಷ್ಟನ್ನು ನಾನು ಬರೆಯುವುದನ್ನು ನಿನ್ನ ಅಮ್ಮ ಹಿಂದೆ ನಿಂತು ಓದಿಬಿಟ್ಟರು. ಬಯ್ಯುತ್ತಾರೆ ಅಂದುಕೊಂಡೆ. ಮಂಚದ ಕೆಳಗಿನಿಂದ ಅಡಿಗೆ ಕಬ್ಬಿಣದ ಲಾಳ ಹೊಡೆದ ನಿನ್ನ ಬೂಟು ತೆಗೆದು ಅಲ್ಲೇ ಕಾಲಿಗೆ ಹಾಕಿ ನೋಡುತ್ತಿದ್ದಾರೆ, ದೊಡ್ಡದಾಯಿತಂತೆ, ಮುಂದಕ್ಕೆ ಬಟ್ಟೆ ತುರುಕುತ್ತಿದ್ದಾರೆ.